ಪರದೆಯ ಹೊರಗಿಟ್ಟ ಕೈ

ಸೊಳ್ಳೆ ಕಚ್ಚಿತೆಂದು ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಕಾಲಿನ ಗಾಯ ಒಣಗುವುದಿಲ್ಲ, ಮಗು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತದೆ, ಯಾರದೋ ದೃಷ್ಟಿ ತಾಗಿದೆ ಎಂದು ಕರೆಯುತ್ತಿದ್ದರು. ಹೋಗಿ ನೋಡಿದರೆ ಸೊಳ್ಳೆ ಕಚ್ಚಿದ ಜಾಗವನ್ನು ಕೊಳಕು ಉಗುರಿನಿಂದ ಕೆರೆದು ಕೆರೆದು ಕೀವಾಗಿರುತ್ತಿತ್ತು. ಎಪ್ಪತ್ತರ ದಶಕದ ಮಧ್ಯದಿಂದ ಕಾಪು, ಉಡುಪಿ, ಕಾರ್ಕಳ ಎಂದು ವರ್ಗವಾಗುತ್ತ ಆರೋಗ್ಯ ಕಾರ್ಯಕರ್ತೆಯಾಗಿ ನಾನು ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಇದೇ. ನನ್ನ ಅಣ್ಣನ ಮೊಮ್ಮಗಳು ಈಗ ಅದೇ ಕೆಲಸಕ್ಕೆ ಸೇರಿದ್ದಾಳೆ. "ಸೊಳ್ಳೆಯ ವಿಷಯದಲ್ಲಿ ಬರೆಯಲಿಕ್ಕೆ ಎಂತ ಉಂಟು?" ಎಂದು ನಕ್ಕಳು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕಲ್ಯಾಣಪುರದಲ್ಲಿ. ಸಂಜೆ ಇಗರ್ಜಿಯ ಗಂಟೆ ಹೊಡೆದ ಕೂಡಲೇ ಅಮ್ಮ ಕಿಟಕಿಗಳನ್ನು ಹಾಕಿ, ತೆಂಗಿನ ಸಿಪ್ಪೆಯ ಕೆಂಡಕ್ಕೆ ಒಣಗಿದ ಕಹಿಬೇವಿನ ಎಲೆ ಉದುರಿಸಿ, ಹೊಗೆಯನ್ನು ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದಳು. ಕಚ್ಚಿದಲ್ಲಿ ಸುಣ್ಣ ಹಚ್ಚುತ್ತಿದ್ದಳು. ತರಬೇತಿ ಮುಗಿಸಿ ಬಂದ ನನಗೆ ಇದೆಲ್ಲ ಅಜ್ಞಾನವಾಗಿ ಕಂಡಿತು. ಸುಣ್ಣದ ವಿಷಯದಲ್ಲಿ ನಾನು ಸರಿಯಿದ್ದೆ, ಅದು ಮಕ್ಕಳ ಚರ್ಮವನ್ನು ಸುಡುತ್ತದೆ. ಸಾಬೂನು ಹಾಕಿ ತೊಳೆಯಿರಿ, ತಣ್ಣೀರಿನ ಬಟ್ಟೆ ಇಡಿ, ಉಗುರು ಕತ್ತರಿಸಿ. ಇಷ್ಟೇ ಸಾಕೆಂದು ಇಂದಿಗೂ ಹೇಳುತ್ತೇನೆ. ಆದರೆ ಹೊಗೆಯ ಹೊತ್ತನ್ನು ಅಮ್ಮ ಎಷ್ಟು ಕರಾರುವಾಕ್ಕಾಗಿ ಆರಿಸಿದ್ದಳೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಸೊಳ್ಳೆ ಮನೆಯೊಳಗೆ ನುಗ್ಗುವುದು ಸರಿಯಾಗಿ ಆ ಹೊತ್ತಿಗೇ.

ಮೊದಲು ನನ್ನ ತಪ್ಪಿನಿಂದಲೇ ಸುರು ಮಾಡುತ್ತೇನೆ.

ಕಾಪುವಿನಲ್ಲಿ ಸಮುದ್ರದ ಬದಿಗೆ ಗಿರಿಜಕ್ಕ ಎಂಬ ಹೆಂಗಸಿನ ಮನೆ ಇತ್ತು. ಗಂಡ ಮೀನಿಗೆ ಹೋಗುವವನು. ಮನೆ ತುಂಬ ಬೆಕ್ಕು. ಆ ವರ್ಷ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯಲು ಪಂಪಿನವರು ಬರುವವರಿದ್ದರು. ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುವುದು ನನ್ನ ಕೆಲಸ. ಗಿರಿಜಕ್ಕ ಕೇಳಿದಳು: "ಬಾಯಮ್ಮ, ಇದರಿಂದ ಎಂತ ತೊಂದರೆ ಇಲ್ಲ ಅಲ್ವಾ?" ನಮ್ಮ ಕ್ರೈಸ್ತ ಹೆಂಗಸರನ್ನು ತುಳುವರು ಕರೆಯುವುದು ಹಾಗೆ. "ಎಂತದೂ ಆಗುವುದಿಲ್ಲ" ಎಂದೆ. ಪಾತ್ರೆಗಳನ್ನು ಮುಚ್ಚಿಡಿ ಎಂದೆ, ಅಷ್ಟೇ. ಬೆಕ್ಕಿನ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಕೆಲವು ದಿನ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. "ಒಳಗೆ ಬನ್ನಿ. ಸ್ವಲ್ಪ ಕೂತು ಕೇಳಿ" ಎಂದಳು. ಕೂತೆ. ನಡುಮಧ್ಯಾಹ್ನ. ಗೋಡೆಗಳು ಬಿಳಿಯ ಪುಡಿ ಹಿಡಿದು ನಿಂತಿದ್ದವು. ಮಾಡಿನಲ್ಲಿ ಹಲ್ಲಿ ಲೊಚಗುಟ್ಟಲಿಲ್ಲ. ಕಂಬದ ಒಳಗೆ ಕೊರೆಯುವ ಹುಳದ ಸದ್ದಿಲ್ಲ. ನಮ್ಮ ಕಡೆ ನುಸಿ ಎನ್ನುವ ಸೊಳ್ಳೆಯಾಗಲಿ, ಒಂದು ನೊಣವಾಗಲಿ ಹಾರಲಿಲ್ಲ. ಹೊರಗಿನ ಸಮುದ್ರದ ಸದ್ದು ಕೂಡ ಆ ಮನೆಯ ಒಳಗೆ ಬರಲು ಹಿಂಜರಿದಂತೆ ಇತ್ತು.

"ಎಂತ ಕೇಳುತ್ತದೆ?" ಎಂದು ಕೇಳಿದಳು.

"ಎಂತದೂ ಇಲ್ಲ."

"ಅದೇ. ನುಸಿ ಹೋಯಿತು. ಹಲ್ಲಿ ಹೋಯಿತು. ಬೆಕ್ಕುಗಳು ಮೈ ನೆಕ್ಕಿ ನೆಕ್ಕಿ ನಡುಗಿ ಸತ್ತವು. ಮರಿ ಕೂಡ. ಈಗ ನಮಗೆ ಇಲ್ಲಿ ಮಲಗಲಿಕ್ಕೆ ಹೆದರಿಕೆ ಆಗುತ್ತದೆ. ನೀವು ಮೊದಲೇ ಹೇಳಿದ್ದರೆ ಅವುಗಳನ್ನು ತಂಗಿಯ ಮನೆಗೆ ಬಿಡುತ್ತಿದ್ದೆ."

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ, ಕುಡಿಯಲು ಮಜ್ಜಿಗೆ ಕೊಟ್ಟಳು. ಗೊತ್ತಿಲ್ಲದ್ದನ್ನು 'ಎಂತದೂ ಆಗುವುದಿಲ್ಲ' ಎಂದು ಹೇಳುವುದನ್ನು ನಾನು ಅಂದಿನಿಂದ ಬಿಟ್ಟೆ.

ಉಡುಪಿಯಲ್ಲಿದ್ದ ವರ್ಷಗಳಲ್ಲಿ ಸೊಳ್ಳೆ ಬತ್ತಿಗಳು ಅಂಗಡಿಗೆ ಬಂದವು. ಬನ್ನಂಜೆಯ ಮನೆಗಳಲ್ಲಿ ಬಾಗಿಲು ಕಿಟಕಿ ಭದ್ರಪಡಿಸಿ, ಹಾಸಿಗೆಯ ತಲೆಯ ಹತ್ತಿರವೇ ಬತ್ತಿ ಉರಿಸಿ, ಬೆಳಿಗ್ಗೆ ಕೆಮ್ಮುತ್ತ ಏಳುತ್ತಿದ್ದರು. ಬತ್ತಿಯನ್ನು ಬಾಗಿಲ ಬಳಿ ಇಡಿ, ಗಾಳಿ ಆಡಲು ಬಿಡಿ ಎಂದು ಹೇಳುವುದು ನನ್ನ ಹೊಸ ಪಾಠವಾಯಿತು. ಕೆಲಸದ ರೀತಿ ಹೀಗೆ ಬದಲಾಗುತ್ತ ಹೋಯಿತು. ಮೊದಲು ಗೋಡೆ, ಆಮೇಲೆ ನೀರು, ಆಮೇಲೆ ಮನುಷ್ಯರು.

ಮನುಷ್ಯರನ್ನು ನೋಡಬೇಕೆಂದು ಕಲಿಸಿದವರು ಎಂಬತ್ತರ ದಶಕದ ಮೊದಲಲ್ಲಿ ಕಾರ್ಕಳದ ಕಡೆಗೆ ವರ್ಗವಾದಾಗ ನನಗೆ ಮೇಲಧಿಕಾರಿಯಾಗಿದ್ದ ಡಾಕ್ಟರು. ನಿವೃತ್ತಿಗೆ ಹತ್ತಿರವಾಗಿದ್ದವರು, ಮಾತು ಒರಟು. ನನ್ನ ಚೀಲದಲ್ಲಿ ಸಾಬೂನು, ಕತ್ತರಿ, ನೇರಳೆ ಔಷಧದ ಜೊತೆಗೆ ಒಂದು ಬಿಳಿಯ ಸೌಟನ್ನೂ ಹಾಕಿಸಿದವರು ಅವರೇ. ನಿಂತ ನೀರನ್ನು ಬಿಳಿಯ ಸೌಟಿನಲ್ಲಿ ಎತ್ತಿದರೆ ಕೊಂಕುತ್ತ ಈಜುವ ಸೊಳ್ಳೆ ಮರಿಗಳು ಕಾಣುತ್ತವೆ. ಒಮ್ಮೆ ನನ್ನ ಮನೆಭೇಟಿಯ ಪುಸ್ತಕದಲ್ಲಿ ಒಂದು ಮನೆಯ ಎದುರು 'ಸೊಳ್ಳೆ ಪರದೆ ಇದೆ' ಎಂದು ಬರೆದಿದ್ದೆ. ಅವರು ಕನ್ನಡಕ ತೆಗೆದು ಕೇಳಿದರು: "ಪರದೆ ಇದೆ, ಸರಿ. ಅದರ ಒಳಗೆ ಮಲಗಿದವರು ಹೇಗೆ ಮಲಗುತ್ತಾರೆ ಎಂದು ಕೇಳಿದಿರಾ? ಕೇಳದಿದ್ದರೆ ನೀವು ನೋಡಿದ್ದು ಒಂದು ಬಟ್ಟೆಯನ್ನು ಮಾತ್ರ."

ಆಗ ಅವಮಾನವಾಗಿತ್ತು. ಆದರೆ ಮುಂದೆ ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಒಂದು ಮನೆಯಲ್ಲಿ ಈ ಮಾತು ಇಲ್ಲದಿದ್ದರೆ ನಾನು ಬರಿಗೈಯಲ್ಲಿ ಹಿಂದೆ ಬರುತ್ತಿದ್ದೆ.

ಮಳೆಗಾಲ ಮುಗಿದಿತ್ತು. ಶಾಲೆಯ ಟೀಚರ್ ಒಬ್ಬರು ಹೇಳಿ ಕಳಿಸಿದರು: ಶಶಿ ಎಂಬ ಹುಡುಗಿ ಹಲವು ದಿನಗಳಿಂದ ಶಾಲೆಗೆ ಬಂದಿಲ್ಲ, ಕೈಗೆ ಏನೋ ಆಗಿದೆಯಂತೆ, ಮನೆಯವರು ಸರಿಯಾಗಿ ಹೇಳುವುದಿಲ್ಲ. ಅದು ಬುಧವಾರ. ಬೆಳಿಗ್ಗೆಯೇ ಹೊರಟೆ.

ಶಶಿಗೆ ಒಂಬತ್ತು ವರ್ಷ. ಅಪ್ಪ ವಾಸಣ್ಣ ಕಾರ್ಕಳದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವನು. ತಾಯಿ ಲೀಲಕ್ಕ. ಮನೆಯ ಭಾಷೆ ತುಳು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ನೋಡಿ ವಾಸಣ್ಣನ ಮುಖ ಚಿಕ್ಕದಾಯಿತು. ಮಗಳನ್ನು ಕರೆದು, ಅವಳ ಬಲಗೈಗೆ ಸುತ್ತಿದ್ದ ಹಳೆಯ ಪಂಚೆಯ ತುಂಡನ್ನು ಬಿಚ್ಚಿದ.

ಬೆರಳಿನ ತುದಿಯಿಂದ ಮೊಣಕೈಯವರೆಗೆ ಸಾಸಿವೆಯಷ್ಟು ಜಾಗವೂ ಬಾಕಿ ಇರಲಿಲ್ಲ. ಕಚ್ಚಿದ ಗುಳ್ಳೆ, ಕೆರೆದ ಗಾಯ, ಕೀವು. ಮೊಣಕೈಯಲ್ಲಿ ಗೆರೆ ಎಳೆದ ಹಾಗೆ ಅದು ನಿಂತಿತ್ತು. ಅಲ್ಲಿಂದ ಮೇಲೆ ಒಂದೇ ಒಂದು ಕಲೆ ಇಲ್ಲ. ಎಡಗೈ ನೋಡಿದೆ, ಸ್ವಚ್ಛ. ಕಾಲು, ಕತ್ತು, ಮುಖ ಎಲ್ಲ ಸ್ವಚ್ಛ. ಅಷ್ಟು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳ ಮೈ ನೋಡಿದ್ದೆ. ಸೊಳ್ಳೆ ಒಂದು ಮೈಯಲ್ಲಿ ಒಂದೇ ಕೈಯನ್ನು ಆರಿಸಿಕೊಂಡದ್ದನ್ನು ಎಂದೂ ನೋಡಿರಲಿಲ್ಲ.

"ಯಾವಾಗಿನಿಂದ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ವಾಸಣ್ಣ, ಮಗಳನ್ನು ಹೊರಗೆ ಕಳಿಸಿ, ಸ್ವರ ತಗ್ಗಿಸಿ ಹೇಳಿದ: "ದೊಡ್ಡವಳು ಹಿಡಿದು ಎಳೆಯುವುದು, ಬಾಯಮ್ಮ."

ಅವರ ದೊಡ್ಡ ಮಗಳು ಪ್ರೇಮ. ಎರಡು ವರ್ಷದ ಹಿಂದೆ ಅವಳಿಗೆ ಜ್ವರ ಬಂದು ನೆತ್ತಿಗೇರಿತು. ಮಣಿಪಾಲದ ಆಸ್ಪತ್ರೆಗೆ ಒಯ್ಯುವಾಗ ಕಾರಿನಲ್ಲಿಯೇ ತೀರಿಕೊಂಡಳು. ಮದುವೆಯ ಮಾತು ನಡೆಯುತ್ತಿದ್ದ ಪ್ರಾಯ. ಅಲ್ಲಿಂದೀಚೆಗೆ ರಾತ್ರಿ ಆ ಮನೆಯಲ್ಲಿ ಪಿಸುಮಾತು ಕೇಳುತ್ತಿತ್ತಂತೆ. ಬೆಳಿಗ್ಗೆ ನೋಡಿದರೆ ಶಶಿಯ ಕೈಯಲ್ಲಿ ಈ ಗುರುತು.

"ಶುಕ್ರವಾರ ಒಬ್ಬರ ಹತ್ತಿರ ಕರೆದುಕೊಂಡು ಹೋಗುವುದುಂಟು. ಆ ಕೈಗೆ ಕಬ್ಬಿಣ ಕಾಯಿಸಿ ಗೆರೆ ಹಾಕಿದರೆ ಬಿಡುತ್ತಾಳಂತೆ."

ನಾನು ಶಶಿಯನ್ನು ಮತ್ತೆ ಕರೆದು ತೋಳನ್ನು ಬೆಳಕಿಗೆ ಹಿಡಿದೆ. ಮೊಣಕೈಯಿಂದ ಕಂಕುಳಿನ ಕಡೆಗೆ ಚರ್ಮದ ಕೆಳಗೆ ತೆಳ್ಳಗಿನ ಒಂದು ಕೆಂಪು ದಾರ ಓಡಿತ್ತು. ಕಂಕುಳಲ್ಲಿ ಗಂಟು, ಮೈ ಬಿಸಿ. ಕೀವಿನ ನಂಜು ಮೇಲಕ್ಕೆ ಹೊರಟಿತ್ತು. ಆ ಕೈಗೆ ಕಾದ ಕಬ್ಬಿಣ ಇಟ್ಟರೆ ಎರಡನೆಯ ಮಗಳೂ ಉಳಿಯುವುದಿಲ್ಲವೆಂದು ನನಗೆ ಖಂಡಿತವಿತ್ತು. ಆದರೆ ಹಾಗೆಂದು ಹೇಳಿದರೆ ಅವರು ಒಪ್ಪಬೇಕಲ್ಲ? ಒಂದೇ ಕೈ ಏಕೆ ಎಂಬುದನ್ನು ಮೊದಲು ಕಂಡುಹಿಡಿಯಬೇಕಿತ್ತು.

ಪರದೆ ತೋರಿಸಿ ಎಂದೆ. ಶಶಿ ನಡುಕೋಣೆಯಲ್ಲಿ ನೆಲದ ಮೇಲೆ, ಗೋಡೆಯ ಪಕ್ಕದಲ್ಲಿ ಒಬ್ಬಳೇ ಮಲಗುತ್ತಿದ್ದಳು. ಪರದೆ ಗಟ್ಟಿ, ಒಂದು ತೂತಿಲ್ಲ, ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸುವಷ್ಟು ಉದ್ದವೂ ಇತ್ತು. ಅಂಗಳಕ್ಕೆ ಹೋದೆ. ಬಾವಿಕಟ್ಟೆ, ಬಚ್ಚಲ ನೀರು ಹೋಗುವ ಚರಂಡಿ, ತೆಂಗಿನ ಗೆರಟೆ, ಒಡೆದ ಮಡಕೆ ಎಲ್ಲ ನೋಡಿದೆ. ಸೌಟಿಗೆ ಒಂದು ಮರಿಯೂ ಸಿಗಲಿಲ್ಲ. ಲೀಲಕ್ಕ ಅಷ್ಟು ಶುಚಿಯಾಗಿ ಇಟ್ಟಿದ್ದಳು. ಆದರೂ ನಡುಕೋಣೆಯಲ್ಲಿ ಹಗಲಲ್ಲೇ ಸೊಳ್ಳೆ ಗುಂಯ್‌ಗುಡುತ್ತಿತ್ತು. ಎಲ್ಲಿಂದ ಎಂದು ಸುಮ್ಮನೆ ನಿಂತು ನೋಡಿದೆ. ಶಶಿಯ ಚಾಪೆಯ ಪಕ್ಕದಲ್ಲಿ ಬೀಗ ಹಾಕಿದ ಒಂದು ಬಾಗಿಲಿತ್ತು. ಅದರ ಕೆಳಗಿನ ಸಂದಿನಿಂದ ಒಂದೊಂದಾಗಿ ಅವು ಹೊರಗೆ ಬರುತ್ತಿದ್ದವು.

"ಅದು ಪ್ರೇಮನ ಕೋಣೆ" ಎಂದ ವಾಸಣ್ಣ. "ಅವಳು ಹೋದ ಮೇಲೆ ತೆರೆಯಲಿಲ್ಲ. ಬೀಗದ ಕೈ ನನ್ನ ಹತ್ತಿರವೇ ಉಂಟು."

"ತೆರೆಯಬೇಕು."

"ಬೇಡ ಮಾರಾಯ್ತಿ" ಎಂದ. ಆಮೇಲೆ ಏನು ತೋರಿತೋ, ಮಗಳ ಕೈಯ ಕಡೆ ನೋಡಿ ಬೀಗದ ಕೈ ತಂದ.

ಒಳಗೆ ನೆಲದ ಮೇಲೆ ಎರಡು ವರ್ಷದ ಧೂಳು, ಹಿಟ್ಟು ಹಾಸಿದಂತೆ, ಎಲ್ಲಿಯೂ ಹೆಜ್ಜೆಯ ಗುರುತಿಲ್ಲ. ಒಂದು ಮಂಚ. ಕಿಟಕಿಗೆ ತಾಗಿಕೊಂಡು ಬಟ್ಟೆಯ ಕಪಾಟು. ಇರುವೆ ಹತ್ತದಂತೆ ಕಪಾಟಿನ ನಾಲ್ಕು ಕಾಲುಗಳನ್ನು ನಾಲ್ಕು ಪಿಂಗಾಣಿ ಬಟ್ಟಲುಗಳಲ್ಲಿ ಇಟ್ಟಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಅದು ಸಾಮಾನ್ಯ. ಬಟ್ಟಲಿಗೆ ನೀರು ಹಾಕುತ್ತಿರಬೇಕು, ಇಲ್ಲವಾದರೆ ಕೆಲವೇ ದಿನಗಳಲ್ಲಿ ಒಣಗುತ್ತದೆ.

ಬಗ್ಗಿ ನೋಡಿದೆ. ಬಟ್ಟಲಲ್ಲಿ ನೀರು ಅಂಚಿನವರೆಗೆ ತುಂಬಿತ್ತು. ಸೌಟಿಗೆ ಎತ್ತಿದರೆ ಮರಿಗಳು ಕೊಂಕುತ್ತಿದ್ದವು.

ವಾಸಣ್ಣ ಹೊಸ್ತಿಲು ದಾಟದೆ ಅಲ್ಲೇ ನಿಂತ. "ಯಾರು ನೀರು ಹಾಕಿದ್ದು?" ಎಂದು ಹೆಂಡತಿಯನ್ನು ಕೇಳಿದ. ಅವಳು ತಲೆಯಾಡಿಸಿದಳು. "ಬೀಗ ನಿಮ್ಮ ಹತ್ತಿರ ಅಲ್ವಾ?" ಎಂದಷ್ಟೇ ಹೇಳಿದಳು. ಮೂವರೂ ಆ ಧೂಳನ್ನು ನೋಡುತ್ತ ನಿಂತೆವು. ನಾನು ಜಪಸರ ಇಟ್ಟುಕೊಂಡ ಕಿಸೆಗೆ ಕೈ ಹಾಕಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ಮನಸ್ಸು ಗಟ್ಟಿಮಾಡಿಕೊಂಡು ಉಳಿದ ಬಟ್ಟಲುಗಳನ್ನೂ ನೋಡಿದೆ. ಕಿಟಕಿಯ ಬದಿಯ ಎರಡು ತುಂಬಿದ್ದವು. ಆಚೆಯ ಎರಡು ಒಣಗಿ ಬಿರುಕು ಬಿಟ್ಟಿದ್ದವು. ಸತ್ತವರಿಗೆ ಕಿಟಕಿಯ ಬದಿ, ಆಚೆಯ ಬದಿ ಎಂದು ಉಂಟೇ? ಹೊರಗೆ ಸುತ್ತಿ ಹೋದೆ. ಕಿಟಕಿಯ ಒಂದು ಬಾಗಿಲು ಮುರಿದು ಜೋತಿತ್ತು. ಸರಳುಗಳ ನಡುವೆ ಬೆಕ್ಕು ಕೂಡ ನುಸುಳುವಂತಿರಲಿಲ್ಲ. ಕೆಳಗೆ ಒಂದು ಚೆಂಬು. ಪಕ್ಕದ ಪಪ್ಪಾಯಿ ಗಿಡದ ಕೆಳಗೆ ಎಲೆಯ ಉದ್ದುದ್ದ ದಂಟುಗಳು ರಾಶಿ ಬಿದ್ದಿದ್ದವು. ಕೆಲವು ಒಣಗಿದವು, ಒಂದು ಹಸಿಯದು. ಪಪ್ಪಾಯಿ ದಂಟು ಕೊಳವೆಯ ಹಾಗೆ ಟೊಳ್ಳು, ಸರಳಿನ ನಡುವೆ ತೂರಿಸಿ ನೀರು ಹೊಯ್ಯಬಹುದು.

ಶಶಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿಕೊಂಡೆ. ಕುದಿಸಿ ಆರಿಸಿದ ನೀರಿನಲ್ಲಿ ಕೈ ತೊಳೆದೆ, ಉಗುರು ಕತ್ತರಿಸಿದೆ, ನೇರಳೆ ಔಷಧ ಹಚ್ಚಿದೆ. ಉರಿಯಾದರೂ ಅಳಲಿಲ್ಲ.

"ಬಟ್ಟಲಿಗೆ ನೀರು ಹಾಕುವುದು ನೀನಾ?"

ನೇರಳೆಯಾದ ಕೈಯನ್ನು ನೋಡುತ್ತ ಹೇಳಿದಳು: "ಅಕ್ಕ ಹೇಳಿದ್ದು. ಕಾರಿಗೆ ಹತ್ತಿಸುವಾಗ. 'ನಾನು ಮಣಿಪಾಲದಿಂದ ಬರುವವರೆಗೆ ನೀರು ಆರದ ಹಾಗೆ ನೋಡು, ಸೀರೆಗೆ ಇರುವೆ ಹತ್ತುತ್ತದೆ' ಎಂದು. ಆಚೆಯ ಬಟ್ಟಲಿಗೆ ದಂಟು ಮುಟ್ಟುವುದಿಲ್ಲ. ಅಕ್ಕ ಬೈಯುತ್ತಾಳೆ."

ಆಗ ಅವಳಿಗೆ ಏಳು ವರ್ಷ. ಅಕ್ಕ ಸತ್ತಳೆಂದು ಯಾರೂ ಅವಳಿಗೆ ಬಾಯಿ ಬಿಟ್ಟು ಹೇಳಿರಲಿಲ್ಲ.

ಡಾಕ್ಟರರ ಮಾತು ನೆನಪಾಯಿತು. "ಪರದೆಯ ಒಳಗೆ ನೀನು ಹೇಗೆ ಮಲಗುವುದು?" ಎಂದು ಕೇಳಿದೆ.

"ಕೈ ಹೊರಗೆ ಇಟ್ಟು. ಮೊದಲು ಅಕ್ಕನ ಕೈ ಹಿಡಿದು ಮಲಗುತ್ತಿದ್ದೆ. ಈಗ ಅವಳಿಗೆ ಒಳಗೆ ಬರಲಿಕ್ಕೆ ಆಗುವುದಿಲ್ಲ ಅಲ್ವಾ? ಪರದೆ ಸಿಕ್ಕಿಸಿ ಇರುತ್ತದೆ. ಹಾಗೆ ನಾನೇ ಕೈ ಹೊರಗೆ ಇಡುವುದು. ಬಾಗಿಲಿನ ಹತ್ತಿರ. ಕರೆಯುತ್ತೇನೆ, ಮೆಲ್ಲ."

"ಬರುತ್ತಾಳಾ?"

"ಒಂದು ಸಲ ಹಿಡಿದಳು. ತುಂಬ ಹೊತ್ತು. ಕೈ ತಣ್ಣಗೆ ಇತ್ತು."

ನಡುಹಗಲು, ಮೇಲೆ ಬಿಸಿಲು ಸುಡುತ್ತಿತ್ತು. ನಾನು ಔಷಧದ ಬಾಟಲಿಗೆ ಬಿರಡೆ ಹಾಕಿ ಎದ್ದೆ.

ನೀರಿನ ವಿಷಯ, ಕೈಯ ವಿಷಯ ಅಪ್ಪ ಅಮ್ಮನಿಗೆ ಹೇಳಿದೆ. ಕೈ ಹಿಡಿದ ಮಾತನ್ನು ಮಾತ್ರ ಹೇಳಲಿಲ್ಲ. ವಾಸಣ್ಣ ತಲೆ ತಗ್ಗಿಸಿ ಕೇಳಿದ. ಸಂಜೆ ಡಾಕ್ಟರು ತಾವೇ ಜೀಪಿನಲ್ಲಿ ಬಂದು ಇಂಜೆಕ್ಷನ್ ಕೊಟ್ಟು, "ನಾಳೆ ಬೆಳಿಗ್ಗೆಗೆ ಜ್ವರ ಇಳಿಯದಿದ್ದರೆ ಮಣಿಪಾಲ. ಮತ್ತೆ ಮಾತಿಲ್ಲ" ಎಂದು ಹೇಳಿ ಹೋದರು.

ಇಳಿಯಲಿಲ್ಲ. ಗುರುವಾರ ಬೆಳಿಗ್ಗೆ ನಾನು ಹೋಗುವಾಗ ಕೆಂಪು ದಾರ ಇನ್ನೂ ದಪ್ಪವಾಗಿತ್ತು, ಹುಡುಗಿ ಅರೆ ನಿದ್ದೆಯಲ್ಲಿದ್ದಳು. ವಾಸಣ್ಣ ಅಂಗಳದಲ್ಲಿ ನಿಂತು ಕೈ ಮುಗಿದ: "ಮಣಿಪಾಲ ಬೇಡ ಬಾಯಮ್ಮ. ಅಲ್ಲಿಗೆ ಹೊರಟವಳು ಹಿಂದೆ ಬರಲಿಲ್ಲ. ಇದೇ ಜ್ವರ, ಇದೇ ದಾರಿ."

ಆ ಹೆಸರು ಕೇಳಿದ ಕೂಡಲೇ ಒಳಗಿನಿಂದ ಶಶಿಯ ಸ್ವರ ಬಂತು: "ಮಣಿಪಾಲಕ್ಕಾ? ನಾನು ಹೋಗುತ್ತೇನೆ. ಅಕ್ಕ ಅಲ್ಲಿದ್ದಾಳೆ."

ವಾಸಣ್ಣ ಗೋಡೆಗೆ ಒರಗಿದ. ನಾನು ಲೀಲಕ್ಕನನ್ನು ನೋಡಿದೆ. "ಸುಳ್ಳು ನಂಬಿಸಿ ಕರೆದುಕೊಂಡು ಹೋಗುವುದು ಬೇಡ" ಎಂದೆ. ಎರಡು ದಿನದಲ್ಲಿ ನಾಲ್ಕು ಮಾತೂ ಆಡದ ಹೆಂಗಸು ಎದ್ದು ಒಳಗೆ ಹೋಗಿ, ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಅಕ್ಕ ಮಣಿಪಾಲದಲ್ಲಿ ಇಲ್ಲ ಮಗಾ. ಅಲ್ಲಿಗೆ ಮುಟ್ಟಲೇ ಇಲ್ಲ. ದಾರಿಯಲ್ಲೇ ತೀರಿಹೋದಳು. ನನ್ನ ತೊಡೆಯ ಮೇಲೆಯೇ."

ಹುಡುಗಿ ಮಾಡನ್ನೇ ನೋಡುತ್ತ ಮಲಗಿದ್ದಳು. ಅಳುತ್ತಾಳೆ ಎಂದು ಕಾದೆವು. ಅಳಲಿಲ್ಲ. ಮೆಲ್ಲಗೆ ಕೇಳಿದಳು: "ಹಾಗಾದರೆ ನನ್ನ ಕೈ ಹಿಡಿದದ್ದು ಯಾರು?"

ನಡುಕೋಣೆಯ ಆ ಬಾಗಿಲು ನಿನ್ನೆಯಿಂದ ತೆರೆದೇ ಇತ್ತು. ನನಗೆ ಅದರ ಕಡೆ ಕಣ್ಣು ಹಾಯಿಸಲು ಧೈರ್ಯ ಬರಲಿಲ್ಲ.

"ನಾನು" ಎಂದಳು ಲೀಲಕ್ಕ.

ಮಗುವನ್ನು ಸಮಾಧಾನ ಮಾಡಲು ಹೇಳಿದ್ದೆಂದು ನಾನು ತಿಳಿದೆ. ಆದರೆ ಅವಳು ಮುಂದುವರಿಸಿದಳು. ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೇ ಗೊತ್ತಿದ್ದಂತೆ ಇರಲಿಲ್ಲ.

"ಪಿಸುಮಾತು ನನಗೂ ಕೇಳುತ್ತಿತ್ತು. ಪ್ರೇಮನೇ ಮಾತಾಡುವುದೆಂದು ಎಣಿಸಿದೆ. ಹೆದರಿಕೆ ಆಗಲಿಲ್ಲ, ಸಮಾಧಾನವೇ ಆಯಿತು. ಒಂದು ಸಲ ಕತ್ತಲೆಯಲ್ಲಿ ಎದ್ದು ಬಂದು ಆ ಬಾಗಿಲಿನ ಹತ್ತಿರ ಕೂತೆ. ನೆಲ ತಡವಿದಾಗ ಒಂದು ಕೈ ಸಿಕ್ಕಿತು. ಹಿಡಿದುಕೊಂಡೆ. ಅದೂ ನನ್ನ ಕೈ ಹಿಡಿಯಿತು. ದೀಪ ಹಚ್ಚಲಿಲ್ಲ. ನೋಡಿದರೆ ಇಲ್ಲದೆ ಹೋಗುತ್ತಾಳೆ ಎಂದು ಬೆಳಕಾಗುವ ಮೊದಲೇ ಬಿಟ್ಟು ಹೋದೆ." ನನ್ನ ಕಡೆ ತಿರುಗಿದಳು. "ಅದು ಇವಳ ಕೈ ಎಂದು ಗೊತ್ತಿತ್ತೋ ಇಲ್ಲವೋ ಎಂದು ಮಾತ್ರ ಕೇಳಬೇಡಿ ಬಾಯಮ್ಮ."

ಕೇಳಲಿಲ್ಲ.

ಶಶಿ ತಾಯಿಯ ಮುಖದ ಕಡೆ ತಿರುಗಿದಳು. ಆಮೇಲೆ ಜ್ವರದ ಸ್ವರದಲ್ಲಿ ಹೇಳಿದಳು: "ಹಾಗಾದರೆ ಹೊರಗೆ ಯಾಕೆ ಕೂತದ್ದು ಅಮ್ಮ? ಪರದೆ ಎತ್ತಿ ಒಳಗೆ ಬರಬೇಕಿತ್ತು. ಹೊರಗೆ ನುಸಿ ಕಚ್ಚುತ್ತದೆ."

ವಾಸಣ್ಣ ಮುಖ ಮುಚ್ಚಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಬಾಡಿಗೆ ಕಾರಿನೊಂದಿಗೆ ಬಂದ.

ದಾರಿಯುದ್ದಕ್ಕೂ ಅವನು ಮುಂದೆ ಕೂತು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಪ್ರತಿ ತಿರುವಿನಲ್ಲೂ "ಉಸಿರು ಉಂಟಾ?" ಎಂದು ಕೇಳುತ್ತಿದ್ದ. ಉಂಟು ಎಂದು ಲೀಲಕ್ಕ ಹೇಳುತ್ತಿದ್ದಳು. ಮಣಿಪಾಲದ ಗುಡ್ಡ ಏರುವಾಗ ಆ ಪ್ರಶ್ನೆಗೆ ಶಶಿಯೇ ಉತ್ತರ ಕೊಟ್ಟಳು: "ಉಂಟು ಅಪ್ಪ."

ಆಸ್ಪತ್ರೆಯಲ್ಲಿ ಕೈ ಕೊಯ್ದು ಕೀವು ತೆಗೆದರು. ದಿನಕ್ಕೆ ಹಲವು ಇಂಜೆಕ್ಷನ್. ಶುಕ್ರವಾರ ಬಂದು ಹೋಯಿತು, ಯಾರೂ ಕಬ್ಬಿಣದ ಮಾತೆತ್ತಲಿಲ್ಲ. ಬಿಡುಗಡೆಯಾಗಿ ಮನೆಗೆ ಬಂದಾಗ ಶಶಿ ಇಡೀ ದಿನ ಅತ್ತಳೆಂದು ಲೀಲಕ್ಕ ಹೇಳಿದಳು. ಅಳಲಿ ಎಂದೆ.

ನಿಮ್ಮ ಪುಸ್ತಕದಲ್ಲಿ ಇಂಥದ್ದನ್ನು ಬರೆಯಲು ಜಾಗ ಇರುವುದಿಲ್ಲ. ನನ್ನದರಲ್ಲಿಯೂ ಇರಲಿಲ್ಲ. 'ಸೊಳ್ಳೆ ಕಡಿತ, ಕೀವು, ಗುಣವಾಗಿದೆ' ಎಂದು ಬರೆದೆ. ಡಾಕ್ಟರು ಅದರ ಕೆಳಗೆ ಸಹಿ ಹಾಕಿ ಪುಸ್ತಕ ವಾಪಸು ಕೊಟ್ಟರು.

ಒಂದೆರಡು ತಿಂಗಳ ಮೇಲೆ ಆ ಮನೆಗೆ ಮತ್ತೆ ಹೋದೆ. ಶಶಿ ಶಾಲೆಗೆ ಹೋಗಿದ್ದಳು. ಪ್ರೇಮಳ ಕೋಣೆಯ ಕಿಟಕಿ ತೆರೆದಿತ್ತು, ನೆಲ ಒರೆಸಿತ್ತು. ಕಪಾಟು ಗೋಡೆಯಿಂದ ದೂರ ನಿಂತಿತ್ತು, ಬಟ್ಟಲುಗಳಿಗೆ ಸೀಮೆಎಣ್ಣೆ ಹಾಕಿದ್ದರು. ತಾಯಿ ಮಗಳು ಈಗ ಅಲ್ಲೇ ಮಲಗುತ್ತಿದ್ದರು. ಒಬ್ಬರಿಗೆ ಸಾಕಾಗುವ ಎರಡು ಪರದೆಗಳನ್ನು ಸೇರಿಸಿ ಹೊಲಿದು ಇಬ್ಬರಿಗೆ ಆಗುವಷ್ಟು ಅಗಲ ಮಾಡಿದ್ದಳು ಲೀಲಕ್ಕ. ಎರಡನೆಯದು ಯಾರದ್ದಾಗಿತ್ತೆಂದು ನಾನು ಕೇಳಲಿಲ್ಲ. ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ, ಎಲ್ಲಾದರೂ ಸಂದು ಉಳಿದಿದೆಯೇ ಎಂದು ನೋಡಿದೆ. ಉಳಿದಿರಲಿಲ್ಲ.